ಪೊಟ್ಟಣ ಮೀಮಾಂಸೆ ಅರ್ಥಾತ್ ಮಾರ್ಜಾಲಾನ್ನ ವಿಚಾರ

ಶಾಸ್ತ್ರಗ್ರಂಥ ಎಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ದಾರಿ. ಈ ಪ್ರಬಂಧದ ವಿಷಯ, 80 ಗ್ರಾಂ ತೂಗುವ, ಒಳಗೆ ಗ್ರೇವಿ ತುಂಬಿದ, ಹೊರಗೆ ಬೆಕ್ಕಿನ ಚಿತ್ರವಿರುವ ಪೊಟ್ಟಣ. ಪ್ರಯೋಜನ, ಬೆಕ್ಕಿನ ಆರೋಗ್ಯ ಮತ್ತು ಯಜಮಾನನ ತಿಂಗಳ ಕೊನೆಯ ವಾರ. ಸಂಬಂಧ, ಬೆಕ್ಕಿಗೂ ಯಜಮಾನನಿಗೂ ಇರುವಂಥದು. ಇಬ್ಬರಲ್ಲಿ ಯಜಮಾನ ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲದ್ದರಿಂದ ಅದನ್ನು ಕೈಬಿಟ್ಟಿದೆ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯತೆಯುಳ್ಳವನು ಯಾರೆಂದರೆ, ಪೆಟ್ ಶಾಪಿನ ಕಪಾಟಿನೆದುರು ಕನ್ನಡಕ ಹಣೆಗೇರಿಸಿ ಪೊಟ್ಟಣದ ಹಿಂಬದಿಯ ಇರುವೆಸಾಲಿನ ಅಕ್ಷರ ಓದಲು ಹೆಣಗಿದವನು. ಮುಂಬದಿಯನ್ನಷ್ಟೇ ಓದಿ ಕೊಂಡು ತಂದವರು ಅನಧಿಕಾರಿಗಳು. ಅವರು ಪುಟ ತಿರುಗಿಸಬಹುದು.

ಮೊದಲು ಪೂರ್ವಪಕ್ಷ. “ನಮ್ಮ ಕಾಲದ ಬೆಕ್ಕುಗಳು ಹಾಲನ್ನ ತಿಂದೇ ಚೆನ್ನಾಗಿ ಬಾಳಿದವು, ಇದಕ್ಕೇನು ಪೊಟ್ಟಣದ ಕೇಡು?” ಎಂಬ ವಾದವನ್ನು ಪ್ರತಿ ಮನೆಯಲ್ಲೂ ಒಬ್ಬರು, ಸಾಮಾನ್ಯವಾಗಿ ಅಡುಗೆಮನೆಯ ಬಾಗಿಲಿಗೊರಗಿ ನಿಂತು, ಮಂಡಿಸುತ್ತಾರೆ. ಇದನ್ನು ಅಜ್ಜಿಮತ ಎನ್ನೋಣ. ಅಜ್ಜಿಮತವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ದೃಷ್ಟಾಂತ ನಿಜ. ಕೆಟ್ಟಿರುವುದು ಹೇತು. ಆ ಬೆಕ್ಕು ಹಾಲನ್ನದಿಂದ ಬದುಕಿದ್ದಲ್ಲ, ಹಾಲನ್ನ ತಿಂದೂ ಬದುಕಿದ್ದು. ಸಂಜೆ ತಟ್ಟೆ ನೆಕ್ಕಿದ ಮೇಲೆ ಅಟ್ಟ ಹತ್ತಿ ಭತ್ತದ ಮೂಟೆಗಳ ಸಂದಿಯಲ್ಲಿ ಅದು ನಡೆಸುತ್ತಿದ್ದ ಹೆಚ್ಚುವರಿ ವ್ಯಾಸಂಗವನ್ನು ಅಜ್ಜಿ ಲೆಕ್ಕಕ್ಕೆ ಹಿಡಿದಿಲ್ಲ.

ಇಲಿಯ ಮೈಯಲ್ಲಿ ಟಾರಿನ್ ಎಂಬ ವಸ್ತು ಧಾರಾಳ. ಅನ್ನದಲ್ಲಿ ಅದಿಲ್ಲ, ಹಸುವಿನ ಹಾಲಿನಲ್ಲಿ ನಾಮಕಾವಸ್ತೆ. ಬೇಕಾದಷ್ಟು ಟಾರಿನ್ನನ್ನು ತಾನೇ ತಯಾರಿಸಿಕೊಳ್ಳಲು ಬೆಕ್ಕಿನ ಮೈಗೆ ಬರುವುದಿಲ್ಲ. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಸಂಗತಿಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮಾಷೆಯೆಂದರೆ ಆ ರೋಗಿಗಳು ತಿನ್ನುತ್ತಿದ್ದುದು ಹಾಲನ್ನವಲ್ಲ, ಅಂದಿನ ಅಂಗಡಿಯ ಆಹಾರವನ್ನೇ. ಟಾರಿನ್ ಕೊಟ್ಟ ಮೇಲೆ ಹೃದಯಗಳು ಚೇತರಿಸಿಕೊಂಡವು. ಕಂಪನಿಗಳು ತಮ್ಮ ಪಾಕವನ್ನು ತಿದ್ದಿಕೊಂಡವು. ಹಾಗಾಗಿ ಲಿಫ್ಟಿನಲ್ಲಿ ಬಂದು ಲಿಫ್ಟಿನಲ್ಲೇ ಡಾಕ್ಟರ ಬಳಿ ಹೋಗುವ, ಇಲಿ ಎದುರಾದರೆ ಪರಿಚಯ ಕೇಳುವ ನಾಲ್ಕನೇ ಮಹಡಿಯ ಬೆಕ್ಕಿಗೆ ಅಜ್ಜಿಮತ ಅನ್ವಯಿಸದು.

ಹಾಲಿನ ವಿಚಾರದಲ್ಲಂತೂ ನಮ್ಮ ನೆಲದ ಸಂಶೋಧನೆಯೇ ಮುಂಚಿನದು. ಕೃಷ್ಣದೇವರಾಯನು ಬೆಕ್ಕು ಸಾಕಲು ಹಸುಗಳನ್ನು ಹಂಚಿದನೆಂದೂ, ತೆನಾಲಿ ರಾಮಕೃಷ್ಣನು ಕುದಿಯುವ ಹಾಲಿಟ್ಟು ತನ್ನ ಬೆಕ್ಕಿನ ಮೂತಿ ಸುಡಿಸಿ, ಅಂದಿನಿಂದ ಹಾಲನ್ನೆಲ್ಲ ತಾನೇ ಕುಡಿದನೆಂದೂ ಕಥೆ. ಲೋಕ ಇದನ್ನು ವಿನೋದವೆಂದು ಓದುತ್ತದೆ. ಸಂಶೋಧಕನ ಕಣ್ಣಿಗೆ ಇದೊಂದು ಆಹಾರ ಪ್ರಯೋಗ. ದೋಷಗಳಿವೆ: ಮಾದರಿ ಒಂದೇ ಬೆಕ್ಕು, ನೈತಿಕ ಸಮಿತಿಯ ಒಪ್ಪಿಗೆ ಕಾಣುವುದಿಲ್ಲ, ಸಂಶೋಧಕನಿಗೆ ಹಾಲಿನಲ್ಲಿ ಸ್ವಹಿತವಿತ್ತು. ಫಲಿತಾಂಶ ಮಾತ್ರ ಇಂದಿಗೂ ಅಲುಗಾಡಿಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ; ಒಮ್ಮೆ ಕಾಡಿದ ತಿಂಡಿಯನ್ನು ಬೆಕ್ಕು ಬಹುಕಾಲ ಮೂಸಿಯೂ ನೋಡುವುದಿಲ್ಲ.

ಉಪಪಕ್ಷಗಳು ಇನ್ನೂ ಇವೆ, ಅವನ್ನು ಬೇಗ ಮುಗಿಸೋಣ. ಬೂತಾಯಿ ಬಂಗುಡೆಗಳ ತಲೆ ಸಾಕೆಂಬುದು ಕರಾವಳಿ ಪಕ್ಷ. ಬರೀ ಮೀನೇ ಆದರೆ ಇ ವಿಟಮಿನ್ ಕೊರತೆಯಾಗಿ ಮೈಯ ಕೊಬ್ಬು ಉರಿಗೊಳ್ಳುತ್ತದೆ. ಕೋಳಿ ಬೇಯಿಸಿ ಹಾಕಿದರಾಯಿತು ಎಂಬುದು ಚಿಕನ್ ಸೆಂಟರ್ ಪಕ್ಷ. ಬರೀ ಮಾಂಸದಲ್ಲಿ ರಂಜಕವಿದೆ, ಸುಣ್ಣದಂಶವಿಲ್ಲ, ಮೂಳೆ ಸವೆಯುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ ಟಾರಿನ್ನೂ ಸಿಂಕಿಗೆ ಹೋಗುತ್ತದೆ. ದಿನವೂ ಲಿವರ್ ಹಾಕಿದರೆ ಎ ವಿಟಮಿನ್ ಅತಿಯಾಗಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ. ನಮ್ಮ ಸಾರಿನ ತುಂಡನ್ನೇ ತೊಳೆದು ಕೊಡುವ ಪಕ್ಷಕ್ಕೆ ಉತ್ತರ ಒಂದೇ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಇನ್ನು ಪೊಟ್ಟಣವನ್ನು ಒಪ್ಪಿದವರಲ್ಲೂ ಒಮ್ಮತವಿಲ್ಲ, ಮೂರು ಸಂಪ್ರದಾಯಗಳಿವೆ. ಒಣ ಕಾಳಿಗೆ ನೀರು ಬೆರೆಸಿದರೆ ಅದೇ ಹಸಿ ಆಹಾರ, ಭೇದವೆಲ್ಲ ತೋರಿಕೆ ಎನ್ನುವವರು ಅದ್ವೈತಿಗಳು. ಒಣದು ಒಣದೇ, ಹಸಿಯದು ಹಸಿಯದೇ, ಭೇದ ನಿತ್ಯಸತ್ಯ ಎಂದು ಎರಡು ಬಟ್ಟಲಿಡುವವರು ದ್ವೈತಿಗಳು. ಕಾಳೇ ಶರೀರ, ಮೇಲೆ ಸುರಿದ ಗ್ರೇವಿ ಅದರ ಒಳಗಿನ ಚೈತನ್ಯ ಎನ್ನುವವರು ವಿಶಿಷ್ಟಾದ್ವೈತಿಗಳು. ಇವರಿಗೆ ಮಾರ್ಜಾಲ ಕಿಶೋರ ನ್ಯಾಯದ ಬಲವೂ ಇರುವುದರಿಂದ ವಾದದಲ್ಲಿ ಸೋಲಿಸುವುದು ಕಷ್ಟ. ನಮ್ಮ ಸುಬ್ಬಿ, ನಾಲ್ಕು ಕಿಲೋ ತೂಗುವ ಬೂದು ಬಣ್ಣದ ವಿದುಷಿ, ಗ್ರೇವಿಯನ್ನು ನೆಕ್ಕಿ ಶರೀರವನ್ನು ಹಾಗೇ ಬಿಟ್ಟು ಏಳುತ್ತಾಳೆ. ಅವಳದು ಯಾವ ಮತವೆಂದು ಆಚಾರ್ಯರೇ ಹೇಳಬೇಕು.

ಶಬ್ದಪ್ರಮಾಣಕ್ಕೆ ಬರೋಣ. ಪೊಟ್ಟಣದ ಮುಂಬದಿ ಅರ್ಥವಾದ: ಸ್ತುತಿ, ಚಿತ್ರ, ‘ರಿಯಲ್’, ‘ಪ್ರೀಮಿಯಂ’, ‘ಗೌರ್ಮೆ’. ಹಿಂಬದಿ ವಿಧಿವಾಕ್ಯ. ಅಲ್ಲಿ ಹುಡುಕಬೇಕಾದ ಮಹಾವಾಕ್ಯ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂಬುದು, ಜೊತೆಗೆ ಅದು ಮರಿಗೋ ಬೆಳೆದ ಬೆಕ್ಕಿಗೋ ಎಂಬ ಮಾತು. ಅದೇ ಜಾಗದಲ್ಲಿ ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಆ ಪೊಟ್ಟಣದ ಸ್ಥಾನ ಊಟದೆಲೆಯ ಉಪ್ಪಿನಕಾಯಿಯದು, ರುಚಿಗುಂಟು, ಹೊಟ್ಟೆಗಿಲ್ಲ. ಚೆಂದದ ಜೆಲ್ಲಿಯಲ್ಲಿ ಮೀನಿನ ಎಳೆ ತೇಲುವ ದುಬಾರಿ ಡಬ್ಬಿಗಳಲ್ಲಿ ಹಲವು ಈ ಜಾತಿಯವು. ಬೆಲೆ ಹೆಚ್ಚಾದಷ್ಟೂ ಆಹಾರ ಪೂರ್ಣ ಎಂಬ ವ್ಯಾಪ್ತಿ ಇಲ್ಲಿಯೇ ಮುರಿದುಬೀಳುತ್ತದೆ.

ಹೆಸರಿನ ವ್ಯಾಕರಣವೂ ಉಂಟು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ, ಅಂದರೆ ಆಫ್ಕೋ, 1909ರಲ್ಲಿ ಹುಟ್ಟಿದ್ದು. ಅದರ ನಿಯಮದಂತೆ ಡಬ್ಬಿಯ ಮೇಲೆ ಸುಮ್ಮನೆ ‘ಚಿಕನ್’ ಎಂದಿದ್ದರೆ, ಸೇರಿಸಿದ ನೀರು ಬಿಟ್ಟು, ಶೇಕಡಾ 95 ಚಿಕನ್ ಇರಬೇಕು. ‘ಚಿಕನ್ ಡಿನ್ನರ್’ ಎಂದಾಗ ಶೇಕಡಾ 25 ಸಾಕು. ‘ವಿತ್ ಚಿಕನ್’ ಎಂದರೆ ಶೇಕಡಾ 3. ಸಹಾರ್ಥದಲ್ಲಿ ತೃತೀಯಾ ವಿಭಕ್ತಿ, ಅದಕ್ಕೆ ಸರಿಯಾಗಿ ಶೇಕಡಾ ಮೂರು. ವೈಯಾಕರಣರಿಗೆ ಇದಕ್ಕಿಂತ ಸಂತೋಷ ಬೇರಿಲ್ಲ. ‘ಚಿಕನ್ ಫ್ಲೇವರ್’ ಎಂದಿದ್ದರೆ ಚಿಕನ್ ಬಂದುಹೋದ ಸುಳಿವು ಸಿಕ್ಕರೂ ಆಯಿತು. ನಮ್ಮ ಪೊಟ್ಟಣಗಳೆಲ್ಲ ಈ ಸೂತ್ರಕ್ಕೆ ಬದ್ಧವಲ್ಲ, ಆದರೆ ಆಮದು ಡಬ್ಬಿ ಕೊಳ್ಳುವವರಿಗೆ ಈ ವಿಭಕ್ತಿಜ್ಞಾನ ಹಣ ಉಳಿಸುತ್ತದೆ.

ಅನುಮಾನ ಪ್ರಮಾಣವೆಂದರೆ ಲೆಕ್ಕ. ಪೊಟ್ಟಣದ ಹಿಂದೆ ಪ್ರೋಟೀನ್ ಶೇಕಡಾ 9, ನೀರು ಶೇಕಡಾ 82 ಎಂದಿದೆ ಅನ್ನಿ. ಪಕ್ಕದ ಒಣ ಆಹಾರದ ಚೀಲ ಶೇಕಡಾ 32 ಪ್ರೋಟೀನ್ ಎಂದು ಎದೆಯುಬ್ಬಿಸುತ್ತದೆ. ಅವಸರದ ತಾರ್ಕಿಕ ಚೀಲವನ್ನು ಹೊತ್ತುಕೊಂಡು ಹೋಗುತ್ತಾನೆ. ತಾಳಬೇಕು. ನೀರು ಕಳೆದರೆ ಪೊಟ್ಟಣದಲ್ಲಿ ಉಳಿಯುವುದು ನೂರಕ್ಕೆ 18, ಅದರಲ್ಲಿ 9 ಪ್ರೋಟೀನ್, ಅಂದರೆ ಅರ್ಧಕ್ಕರ್ಧ. ಚೀಲದಲ್ಲಿ ಶೇಕಡಾ 10 ನೀರು ಕಳೆದರೆ ಪ್ರೋಟೀನ್ 36ರ ಹತ್ತಿರ ನಿಲ್ಲುತ್ತದೆ. ಬೆಳೆದ ಬೆಕ್ಕಿಗೆ ಆಫ್ಕೋ ಹೇಳುವ ಕನಿಷ್ಠ, ಒಣ ತೂಕದ ಮೇಲೆ, ಶೇಕಡಾ 26. ಎರಡೂ ಪಾಸು, ಪೊಟ್ಟಣಕ್ಕೆ ಫಸ್ಟ್ ಕ್ಲಾಸು.

ಆಗ ಅರ್ಥಶಾಸ್ತ್ರಿ ಎದ್ದು ನಿಲ್ಲುತ್ತಾನೆ. ಪೊಟ್ಟಣಕ್ಕೆ 40 ರೂಪಾಯಿ ಎಂದು ಹಿಡಿದರೆ, 80 ಗ್ರಾಮಿನಲ್ಲಿ ಸುಮಾರು 65 ಗ್ರಾಂ ನೀರೇ. ಲೀಟರಿಗೆ 500 ರೂಪಾಯಿ ಬಿತ್ತಲ್ಲ ಸ್ವಾಮಿ! 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರಿನವರೂ ಈ ದರ ಕೇಳಲಿಲ್ಲ. ಆಕ್ಷೇಪ ಸರಿಯೇ, ಆದರೆ ಮಾರಾಟದ ಸರಕೇ ಆ ನೀರು ಎಂಬುದು ಸಿದ್ಧಾಂತಿಯ ಉತ್ತರ. ಮನೆಬೆಕ್ಕಿನ ಮೂಲ ಪುರುಷ ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಒಣನೆಲದ ಕಾಡುಬೆಕ್ಕು. ಆ ವಂಶಕ್ಕೆ ಬಾಯಾರಿಕೆ ಕಡಿಮೆ, ಬೇಟೆಯ ಮೈಯಲ್ಲಿರುವ ನೀರೇ ಮುಖ್ಯ. ಇಲಿಯ ತೂಕದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ ನೀರು. ಬರೀ ಕಾಳು ತಿಂದ ಬೆಕ್ಕು ಆ ಕೊರತೆಯನ್ನು ಬಟ್ಟಲಿನ ನೀರಿನಿಂದ ಪೂರ್ತಿ ತುಂಬಿಕೊಳ್ಳುವುದಿಲ್ಲ, ಮೂತ್ರ ಗಟ್ಟಿಯಾಗುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಅದು ಅಪರಾತ್ರಿಯ ತುರ್ತು ಚಿಕಿತ್ಸೆ. ಆ ಬಿಲ್ಲಿನ ಮುಂದೆ ಪೊಟ್ಟಣದ ನೀರು ಅಗ್ಗ.

ಹಾಗೆಂದು ದಿನಪೂರ್ತಿ ಪೊಟ್ಟಣವೇ ಎಂದರೆ ಮಧ್ಯಮ ವರ್ಗದ ಮನೆ ಮುಳುಗುತ್ತದೆ. ಸುಬ್ಬಿಯಂಥವಳಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲೊರಿ ಬೇಕು, ಒಂದು ಗ್ರೇವಿ ಪೊಟ್ಟಣ ಕೊಡುವುದು 65ರ ಆಸುಪಾಸು. ದಿನಕ್ಕೆ ಮೂರೂವರೆ ಪೊಟ್ಟಣ, ತಿಂಗಳಿಗೆ 4,200 ರೂಪಾಯಿ. ಬದಲಿಗೆ ಒಂದು ಪೊಟ್ಟಣ, ಜೊತೆಗೆ ಕಿಲೋಗೆ 400 ರೂಪಾಯಿಯ ಪೂರ್ಣ ಒಣ ಆಹಾರ 45 ಗ್ರಾಂ ಎಂದರೆ ದಿನಕ್ಕೆ 58 ರೂಪಾಯಿ, ತಿಂಗಳಿಗೆ 1,740. ಪೊಟ್ಟಣಕ್ಕೆ ಎರಡು ಚಮಚ ಬಿಸಿನೀರು ಬೆರೆಸಿದರೆ ನೀರೂ ಹೆಚ್ಚುತ್ತದೆ, ಫ್ರಿಜ್ಜಿನಿಂದ ತೆಗೆದ ಅರ್ಧ ಪೊಟ್ಟಣಕ್ಕೆ ಮತ್ತೆ ವಾಸನೆಯೂ ಏಳುತ್ತದೆ. ಆ ನೀರು ನಲ್ಲಿಯದು, ಲೀಟರಿಗೆ 500 ಅಲ್ಲ. ಸಿದ್ಧಾಂತ ಇಷ್ಟೇ: ‘ಕಂಪ್ಲೀಟ್’ ಎಂದು ಬರೆದ ಪೊಟ್ಟಣಗಳಲ್ಲಿ, ನೂರು ಕ್ಯಾಲೊರಿಗೆ ಎಷ್ಟು ರೂಪಾಯಿ ಎಂದು ಭಾಗಿಸಿ, ಅಗ್ಗವಾದದ್ದನ್ನು ಕೊಳ್ಳತಕ್ಕದ್ದು.

ಉಳಿದದ್ದು ಪ್ರತ್ಯಕ್ಷ, ಅದು ಬೆಕ್ಕಿನದು. ಬಟ್ಟಲಿಟ್ಟಾಗ ಸುಬ್ಬಿ ಮೊದಲು ಮೀಸೆ ಹಿಂದಕ್ಕೆಳೆದುಕೊಳ್ಳುತ್ತಾಳೆ, ಎರಡು ಬಾರಿ ಮೂಸುತ್ತಾಳೆ, ಆಮೇಲೆ ಮುಂಗಾಲಿನಿಂದ ಬಟ್ಟಲಿನ ಸುತ್ತ ಟೈಲ್ಸನ್ನು ಕೆರೆದು ಮುಚ್ಚುವ ನಟನೆ ಮಾಡುತ್ತಾಳೆ. ಇದು ಖಂಡನೆ. “ಹಸಿದರೆ ತಾನೇ ತಿನ್ನುತ್ತೆ ಬಿಡಿ” ಎಂಬ ಕಠೋರವಾದಿಗಳ ಮಾತು ನಾಯಿಗೆ ಸಲ್ಲಬಹುದು. ಬೆಕ್ಕು, ಅದರಲ್ಲೂ ಮೈ ಬಂದ ಬೆಕ್ಕು, ಕೆಲವೇ ದಿನ ಉಪವಾಸ ಕೂತರೂ ಕೊಬ್ಬು ಯಕೃತ್ತಿಗೆ ನುಗ್ಗಿ ಜೀವಕ್ಕೇ ಸಂಚಕಾರ. ಎಂದ ಮೇಲೆ ಶಬ್ದ, ಅನುಮಾನ ಎರಡನ್ನೂ ಗೆದ್ದ ಪೊಟ್ಟಣ ಬಟ್ಟಲಿನಲ್ಲಿ ಸೋತರೆ ಮೇಲ್ಮನವಿಗೆ ಅವಕಾಶವಿಲ್ಲ. ಹೊಸದನ್ನು ಹಳೆಯದರ ಜೊತೆ ಚೂರುಚೂರೇ ಬೆರೆಸುತ್ತ ಒಂದು ವಾರ, ಹತ್ತು ದಿನ ಎಳೆಯಬೇಕು. ಒಪ್ಪುವ ಮುನ್ನ ಒಂದೊಂದೇ ಪೊಟ್ಟಣ ತರಬೇಕು. ರಿಯಾಯಿತಿ ಇದೆಯೆಂದು ಹನ್ನೆರಡರ ಡಬ್ಬ ತಂದವರು ಉಳಿದ ಹನ್ನೊಂದನ್ನು ಹಿಂದಿರುಗಿಸಬಹುದೇ ಎಂಬ ಪ್ರಶ್ನೆಗೆ ಶಾಸ್ತ್ರಗಳಲ್ಲಿ ಉತ್ತರವಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿದೆ.