ಫರಸಿ ನಾಡಿನವರ ಸಮುದ್ರಯಾನ

ಜನನವೆಂಬುದು ಸಕಲ ಜೀವಿಗಳಿಗೂ ಸಮಾನವಾದದ್ದಾದರೂ ಜನ್ಮದಿನವೆಂಬುದು ಕೆಲವರಿಗೆ ಮಾತ್ರ ದಕ್ಕುವ ಐಶ್ವರ್ಯ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ಯಾವ ಹಿರಿಯರನ್ನು ವಿಚಾರಿಸಿದರೂ ಇದರ ಸತ್ಯ ಮನವರಿಕೆಯಾದೀತು. ನನ್ನ ಸಮವಯಸ್ಕರಲ್ಲಿ ಬಹುಮಂದಿ, ಶಾಲೆಯ ದಾಖಲೆಯ ಪ್ರಕಾರ, ಜೂನ್ 1ರಂದೇ ಭೂಲೋಕಕ್ಕೆ ಅವತರಿಸಿದವರು. ಹುಡುಗನ ಕೈ ಹಿಡಿದು ಶಾಲೆಯ ಬಾಗಿಲಿಗೆ ಬಂದ ತಂದೆಯು 'ತೊಗರಿ ರಾಶಿ ನಡದಿತ್ರೀ, ಆವಾಗ ಹುಟ್ಟ್ಯಾನ' ಎಂದು ತನ್ನ ಮಟ್ಟಿಗೆ ಸುಸ್ಪಷ್ಟವಾದ ಮಾಹಿತಿಯನ್ನೇ ಒದಗಿಸಿದರೂ, ಸರ್ಕಾರದ ರಿಜಿಸ್ಟರಿನಲ್ಲಿ ತೊಗರಿ ರಾಶಿಗೆ ಅಂಕಣವಿಲ್ಲದ ಕಾರಣ, ಶಾಲೆ ತೆರೆಯುವ ತಿಂಗಳಿನ ಮೊದಲ ದಿನವನ್ನೇ ಮಾಸ್ತರರು ಪಕ್ಷಪಾತವಿಲ್ಲದೆ ಎಲ್ಲರಿಗೂ ಹಂಚಿಬಿಡುತ್ತಿದ್ದರು. ನಮ್ಮ ತಂದೆಯ ಕಾಲದವರ ಪಾಡು ಇನ್ನೂ ಜಟಿಲ. ನಿಜಾಮನ ರಾಜ್ಯದಲ್ಲಿ ಹುಟ್ಟಿದವರಾದ್ದರಿಂದ ಅವರ ವಯಸ್ಸು ಉರ್ದು ಲಿಪಿಯಲ್ಲಿ, ಫಸಲಿ ಶಕದಲ್ಲಿ ಅಡಗಿ ಕುಳಿತಿತ್ತು. ಆ ಸಂಖ್ಯೆಗೆ 590 ಕೂಡಿಸಿದರೆ ಕ್ರಿಸ್ತಶಕವು ಹೆಚ್ಚುಕಡಿಮೆ ದೊರೆಯುತ್ತದೆ, ಮತ್ತು ಆ ಹೆಚ್ಚುಕಡಿಮೆಯಲ್ಲಿಯೇ ಮನುಷ್ಯನೊಬ್ಬ ಒಂದು ವರ್ಷ ಬೇಗ ನಿವೃತ್ತನಾಗುವುದೂ ತಡವಾಗಿ ನಿವೃತ್ತನಾಗುವುದೂ ನಿರ್ಧಾರವಾಗುತ್ತಿತ್ತು. ನಮ್ಮ ಅವ್ವನಿಗಂತೂ ಫಸಲಿಯ ಭಾಗ್ಯವೂ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿ ರಜಾಕಾರರ ಹಾವಳಿ ಅಡಗಿದ ಕಾಲಕ್ಕೆ ತಾನು ಲಂಗ ಉಟ್ಟು ಓಡಾಡುತ್ತಿದ್ದೆನೆಂಬ ಸಂಗತಿಯೊಂದೇ ಅವಳ ಜಾತಕ. ಮುಂದೆ ಆಧಾರ್ ಚೀಟಿ ಮಾಡಿಸುವ ಪ್ರಸಂಗ ಬಂದಾಗ, ಗಣಕಯಂತ್ರದ ಮುಂದೆ ಕುಳಿತಿದ್ದ ತರುಣನು ಲಂಗದ ವೃತ್ತಾಂತವನ್ನು ಸಾವಧಾನವಾಗಿ ಆಲಿಸಿ, ಜನವರಿ 1 ಎಂದು ಒತ್ತಿ, ಮುಂದಿನವರನ್ನು ಕರೆದನು.

ಇಂತಹ ತಾರೀಕಿಲ್ಲದ ವಂಶದಲ್ಲಿ, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ, ಗಂಟೆ ನಿಮಿಷಗಳ ಸಮೇತ ಲಿಖಿತ ಪ್ರಮಾಣಪತ್ರದೊಂದಿಗೆ ಹುಟ್ಟಿದವನು ನನ್ನ ಮೊಮ್ಮಗ. ಅವನು ಜನಿಸಿದ್ದು ಡಿಸೆಂಬರ್ 31ರಂದು. ತಲೆಮಾರುಗಳಿಂದ ಆಚರಿಸದೆ ಬಾಕಿ ಉಳಿದಿದ್ದ ಹುಟ್ಟುಹಬ್ಬಗಳೆಲ್ಲವೂ ಬಡ್ಡಿ ಸಹಿತ ಅವನೊಬ್ಬನ ತಲೆಯ ಮೇಲೆ ಬಿದ್ದವೆಂದರೆ ಅತಿಶಯೋಕ್ತಿಯಲ್ಲ. ಐದನೆಯ ವರ್ಷ ತುಂಬುವ ಹೊತ್ತಿಗೆ ಸಭಾಭವನ, ಬಲೂನು, ಬೆಂಕಿ ಉಗುಳುವ ಮೇಣದಬತ್ತಿ ಮೊದಲಾದ ಲೌಕಿಕ ಉಪಾಯಗಳೆಲ್ಲವೂ ತೀರಿಹೋಗಿ, ನನ್ನ ಮಗನು ಗಂಭೀರಮುದ್ರೆಯಿಂದ, ಈ ಸಲ ಮುಂಬಯಿಯಿಂದ ಗೋವೆಯ ಕಡೆಗೆ ಹೋಗುವ ವಿಹಾರನೌಕೆಯಲ್ಲಿ, ಅಪಾರವಾದ ಅರಬ್ಬೀ ಸಮುದ್ರದ ಮಧ್ಯದಲ್ಲಿ ಕೇಕು ಕತ್ತರಿಸತಕ್ಕದ್ದೆಂದು ಸಾರಿದನು. ಕತ್ತರಿಸಬೇಕಾದ ಕುಮಾರನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ವಾಡಿ ಜಂಕ್ಷನ್ನಿನ ಮೇಲುಸೇತುವೆಯ ಮೇಲೆ ನಿಂತು ದಿನವಿಡೀ ಗೂಡ್ಸ್ ಗಾಡಿ ನೋಡಬೇಕೆನ್ನುತ್ತಿದ್ದನು. ಅವನ ಆಸೆ ಅಷ್ಟು ಅಗ್ಗದ್ದೆಂಬುದು ನಮಗೆಲ್ಲ ಗೊತ್ತಿದ್ದುದರಿಂದಲೇ ಕೇಳಲಿಲ್ಲವೆಂದು ತೋರುತ್ತದೆ.

ಜಲದ ಮೇಲಿನ ಮೋಹವೇ ಆಗಿದ್ದಲ್ಲಿ ಅದಕ್ಕೆ ಚಿಂಚೋಳಿಯ ಚಂದ್ರಂಪಳ್ಳಿಯ ಜಲಾಶಯವೇ ಸಾಕೆಂದು ನಾನು ಸೂಚಿಸಿದೆ. ಸುತ್ತಲೂ ಗುಡ್ಡ, ಗುಡ್ಡದ ತುಂಬ ಕಾಡು, ನಡುವೆ ನಿಶ್ಚಲವಾದ ನೀರು, ಊಟಕ್ಕೆ ಬುತ್ತಿ, ಸಂಜೆಗೆ ಮನೆ. ಈ ಸೂಚನೆಗೆ ದೊರೆತ ಮೌನವು ನನ್ನ ಆಯುಷ್ಯದಲ್ಲಿ ನಾನು ಕೇಳಿದ ಅತ್ಯಂತ ವಾಚಾಳವಾದ ಮೌನ. ಆದರೆ ನೆರೆಮನೆಯ ವೃದ್ಧ ಶಾಸ್ತ್ರಿಗಳು ಎತ್ತಿದ ಆಕ್ಷೇಪವನ್ನು ಹಾಗೆ ಮೌನದಿಂದ ಸಾಗಹಾಕುವಂತಿರಲಿಲ್ಲ. ಬೌಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾಗುವ ಪಾಪಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಹೆಸರಿಸಿದೆಯೆಂದು ಅವರು ಚಹಾದ ಬಸಿಯನ್ನು ಕೆಳಗಿಡುತ್ತ ಹೇಳಿದರು. ಅವ್ವ ಬೌಧಾಯನನ ಹೆಸರನ್ನು ಅದೇ ಮೊದಲು ಕೇಳಿದಳಾದರೂ ಪಾಪವೆಂಬುದರ ಹೆಸರನ್ನು ಕೇಳಿಬಲ್ಲವಳಾದ್ದರಿಂದ, ಕಟ್ಟುತ್ತಿದ್ದ ಗಂಟನ್ನು ಬಿಚ್ಚತೊಡಗಿದಳು.

ಈ ಸಂಕಟದಲ್ಲಿ ನನ್ನ ನೆರವಿಗೆ ಬಂದದ್ದು ಶಾಸ್ತ್ರಿಗಳೇ ಕುಳಿತಿದ್ದ ಫರಸಿ ಕಲ್ಲು. ಶಹಾಬಾದು, ವಾಡಿ, ಚಿತ್ತಾಪುರ, ಸೇಡಂಗಳ ಒಡಲಲ್ಲಿ ಪದರಪದರವಾಗಿ ಹಾಸಿಕೊಂಡಿರುವ, ಉಳಿ ಇಟ್ಟು ತಟ್ಟಿದರೆ ಹಾಳೆಯಂತೆ ಏಳುವ, ಮನೆಯ ನೆಲಕ್ಕೂ ಮಾಳಿಗೆಗೂ ದನದ ಕೊಟ್ಟಿಗೆಗೂ ಒದಗಿಬರುವ ಈ ಸುಣ್ಣದ ಕಲ್ಲು, 50 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿಯೇ ಹರಡಿಕೊಂಡಿದ್ದ ಆಳವಿಲ್ಲದ ಸಮುದ್ರವೊಂದರ ತಳದಲ್ಲಿ ಕೆಸರು ಕೆಸರಾಗಿ ಇಳಿದು, ಗಟ್ಟಿಯಾಗಿ, ಕಲ್ಲಾದದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ಸಮೂಹವೆಂದು ಕರೆಯುತ್ತಾರೆ. ಆ ಕಾಲಕ್ಕೆ ಮೀನೆಂಬ ಪ್ರಾಣಿಯೇ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ, ಮತ್ಸ್ಯಾವತಾರಕ್ಕೂ ಪೂರ್ವದ ಈ ಸಮುದ್ರವನ್ನು ನಮ್ಮಂಥವರು ನಿಃಸಂಕೋಚವಾಗಿ ಸಸ್ಯಾಹಾರಿ ಸಮುದ್ರವೆಂದು ಹೇಳಿಕೊಳ್ಳಬಹುದು. ಅದೇ ತಳವನ್ನು ನಾವು ಖಣಿ ತೋಡಿ ತೆಗೆದು ಮಾರಿದೆವು. ಶಹಾಬಾದಿ ಫರಸಿಯೆಂಬ ಹೆಸರಿನಿಂದ ಅದು ಮಹಾರಾಷ್ಟ್ರದ ಮನೆಮನೆಯನ್ನೂ ಹೊಕ್ಕಿತು. 1968ರಿಂದ ವಾಡಿಯ ಕಾರ್ಖಾನೆ ಅದನ್ನು ಅರೆದು ಸಿಮೆಂಟು ಮಾಡುತ್ತಿದೆ. ಸೇಡಂ, ಮಳಖೇಡಗಳಲ್ಲಿಯೂ ಅದೇ ಉದ್ಯೋಗ. ಅಲ್ಲಿ ಗಾಳಿ ಬೀಸಿದಾಗ ನಮ್ಮ ಮೈಮೇಲೆ ಬಂದು ಕೂಡುವ ಧೂಳು ಕೂಡ, ನ್ಯಾಯವಾಗಿ ನೋಡಿದರೆ, ಸಮುದ್ರದ್ದೇ.

ಹೀಗಿರಲಾಗಿ, ಹುಟ್ಟಿದಂದಿನಿಂದ ಸಮುದ್ರದ ತಳದಲ್ಲಿಯೇ ಮನೆ ಕಟ್ಟಿಕೊಂಡು, ಸಮುದ್ರದ ಮೇಲೆಯೇ ಚಾಪೆ ಹಾಸಿ ಮಲಗಿ ಎದ್ದವರಿಗೆ ಹೊಸದಾಗಿ ಸಮುದ್ರಯಾನದ ದೋಷ ತಟ್ಟುವುದೆಂತು? ದೋಷವೇನಿದ್ದರೂ ಅದು ಪಿತ್ರಾರ್ಜಿತ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಪಾಲು ಸಲ್ಲುತ್ತದೆಂದು ಮಿತಾಕ್ಷರೆಯಲ್ಲಿ ಸಾಧಿಸಿದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನ ಊರೆಂದು ಪ್ರಸಿದ್ಧವಾದ ಮರತೂರು ಇರುವುದು ಇದೇ ಶಹಾಬಾದಿನ ಮಗ್ಗುಲಲ್ಲಿ. ಬೌಧಾಯನನ ಊರು ಯಾವುದೋ ಶಾಸ್ತ್ರಿಗಳಿಗೂ ತಿಳಿಯದು. ಊರ ಪಂಡಿತನನ್ನು ಬಿಟ್ಟು ಪರಸ್ಥಳದವನನ್ನು ನಂಬುವುದು ಸರಿಯಲ್ಲವೆಂಬ ವಾದಕ್ಕೆ ಅವ್ವ ಮಾರುಹೋಗಿ ಗಂಟನ್ನು ಪುನಃ ಕಟ್ಟಿದಳು. ಶಾಸ್ತ್ರಿಗಳು ತಾವು ಕುಳಿತಿದ್ದ ಕಲ್ಲನ್ನು ಒಮ್ಮೆ ಸವರಿ ನೋಡಿ, ಗೋವೆಯಿಂದ ಗೋಡಂಬಿ ತರುವಂತೆ ಹೇಳಿ ಎದ್ದರು.

ಆ ಗಂಟಿನಲ್ಲಿ ಏನೇನಿತ್ತೆಂಬುದನ್ನು ಹೇಳದೆ ಹಡಗು ಹತ್ತುವಂತಿಲ್ಲ. ಕಟಕ ರೊಟ್ಟಿಯ ಎತ್ತರವಾದ ಒಟ್ಟಿಲು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಎಲೆ ಅಡಿಕೆ ಸುಣ್ಣಗಳ ಸಂಚಿ, ಹಿತ್ತಾಳೆಯ ಆರತಿ ತಟ್ಟೆ, ತುಪ್ಪದಲ್ಲಿ ನೆನೆಸಿದ ಬತ್ತಿ, ಕಡ್ಡಿಪೆಟ್ಟಿಗೆ. ಇವೆಲ್ಲಕ್ಕೂ ಮಿಗಿಲಾಗಿ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯ ಒಂದು ಚೀಲ, ಹಡಗಿನವರ ಬೇಳೆ ಬೇಯದಿದ್ದರೆ ಇರಲಿ ಎಂದು. ನನ್ನ ತಮ್ಮನ ಮಗನು ಇವುಗಳಿಗೆ ತನ್ನದೊಂದು ಉರುಳೆಯನ್ನು ಸೇರಿಸಿದನು. ಅದು ಫ್ಲೆಕ್ಸು. ನಮ್ಮ ಕಡೆ ಚೌಕದಲ್ಲಿ ಫ್ಲೆಕ್ಸು ಬೀಳದ ಜನ್ಮದಿನವು ಜನ್ಮದಿನವೇ ಅಲ್ಲವೆಂಬ ಸಿದ್ಧಾಂತದಲ್ಲಿ ಬೆಳೆದ ಆ ತರುಣನು, ನಡುವೆ ಕಪ್ಪು ಕನ್ನಡಕ ಧರಿಸಿದ ಐದು ವರ್ಷದ ಬಾಲಕನನ್ನೂ, ಹಿಂದೆ ಗರ್ಜಿಸುವ ಸಿಂಹವನ್ನೂ, ಕೆಳಗೆ 'ಶುಭ ಕೋರುವವರು' ಎಂಬ ಶೀರ್ಷಿಕೆಯಡಿ ಬಂಧುವರ್ಗದ ಸಮಸ್ತರ ಭಾವಚಿತ್ರಗಳನ್ನೂ ಮುದ್ರಿಸಿಕೊಂಡು ಬಂದಿದ್ದನು. ಅವುಗಳ ನಡುವೆ ನಮ್ಮಲ್ಲಿ ಯಾರಿಗೂ ಸಂಬಂಧಿಯಲ್ಲದ ಮೀಸೆಯ ಗೃಹಸ್ಥರೊಬ್ಬರು ಕೈಮುಗಿದು ನಿಂತಿದ್ದರು. ಅವರಿಲ್ಲದಿದ್ದರೆ ಫ್ಲೆಕ್ಸಿಗೆ ಕಳೆ ಬರುವುದಿಲ್ಲವೆಂದು ಹುಡುಗನು ವಿವರಿಸಿದನು.

1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ಹೊರಟು ಮುಂಬಯಿ ಮಾರ್ಗವನ್ನು ಬಂದು ಕೂಡಿಕೊಂಡದ್ದು ವಾಡಿಯಲ್ಲಿ. ಅಂದಿನಿಂದ ನಮಗೆ ಲೋಕಕ್ಕೆ ಹೋಗುವ ದಾರಿ ಅದೇ. ಮೊಮ್ಮಗನು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಪರಮಾನಂದದಲ್ಲಿದ್ದನು, ಹುಟ್ಟುಹಬ್ಬವನ್ನು ಅಲ್ಲಿಗೇ ಮುಗಿಸಿದ್ದರೂ ಅವನ ತಕರಾರಿರಲಿಲ್ಲ. ಮುಂಬಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ ಸಾಮಾನುಗಳ ತಪಾಸಣೆ ನಡೆದಾಗ ರೊಟ್ಟಿಗೂ ಬೇಳೆಗೂ ಏನು ಹೇಳಬೇಕೆಂದು ತಿಳಿಯದ ಅಧಿಕಾರಿಯು ಕಡ್ಡಿಪೆಟ್ಟಿಗೆಯನ್ನು ಕಂಡು ಜಾಗೃತನಾದನು. ಹಡಗಿನಲ್ಲಿ ಬೆಂಕಿಯೆಂಬುದು ನೀರಿಗಿಂತ ದೊಡ್ಡ ವೈರಿ. ಮೇಣದಬತ್ತಿಯೂ ಸಲ್ಲದು, ದೀಪವೂ ಸಲ್ಲದು. ಪೆಟ್ಟಿಗೆಯನ್ನು ಅವನು ಅತ್ಯಂತ ವಿನಯದಿಂದಲೇ ತೆಗೆದಿಟ್ಟುಕೊಂಡನು. 'ಸುತ್ತ ಇಷ್ಟ್ ನೀರ್ ಇಟ್ಕೊಂಡು ಒಂದು ಬತ್ತಿಗಿ ಅಂಜ್ಲತ್ತಾನ' ಎಂದು ಅವ್ವ ಆ ಅಧಿಕಾರಿಗೆ ಕೇಳಿಸುವಂತೆಯೇ ಹೇಳಿದಳು.

ಹಡಗು ದಡ ಬಿಡುವ ಮೊದಲು ಎಲ್ಲರನ್ನೂ ಒಂದೆಡೆ ನಿಲ್ಲಿಸಿ, ಜೀವರಕ್ಷಕ ಕವಚವನ್ನು ತೊಡುವ ಬಗೆಯನ್ನೂ ಸೀಟಿಯ ಸಂಕೇತವನ್ನೂ ಕಲಿಸುವ ಒಂದು ಕವಾಯತು ನಡೆಯುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ 1914ರಲ್ಲಿ ದೇಶಗಳು ಲಂಡನ್ನಿನಲ್ಲಿ ಕೂಡಿ ಮಾಡಿಕೊಂಡ ಒಡಂಬಡಿಕೆಯ ಸಂತತಿ ಇದು. 2012ರಲ್ಲಿ ಇಟಲಿಯ ಕರೆಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ಒರಗಿದ ಮೇಲೆ, ಕವಾಯತು ಹೊರಡುವ ಮುನ್ನವೇ ಅಥವಾ ಹೊರಟೊಡನೆಯೇ ಆಗತಕ್ಕದ್ದೆಂಬ ನಿಯಮ ಬಂದಿತು. ವಿಹಾರಕ್ಕೆಂದು ಬಂದವರಿಗೆ ಮೊಟ್ಟಮೊದಲು ಮುಳುಗುವ ವಿಧಾನವನ್ನು ಬೋಧಿಸುವ ಈ ಸತ್ಯಸಂಧತೆ ನನಗೆ ಬಹಳ ಮೆಚ್ಚುಗೆಯಾಯಿತು. ಮದುವೆಗಳಲ್ಲಿಯೂ ಇಂಥದೊಂದು ಪದ್ಧತಿ ಇರಬಹುದಿತ್ತು.

ಕೋಣೆ ಸಣ್ಣದು, ಫ್ಲೆಕ್ಸು ದೊಡ್ಡದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ; ಗೋಡೆಯೇ ಉಕ್ಕಿನದು. ಕಡೆಗೆ ಅದನ್ನು ಮಂಚದ ಮೇಲೆ ಹಾಸಲಾಗಿ, ಆ ರಾತ್ರಿ ನಾನು ಸಮಸ್ತ ಬಂಧುವರ್ಗದ ಮುಖಗಳ ಮೇಲೆ, ವಿಶೇಷತಃ ಆ ಮೀಸೆಯ ಗೃಹಸ್ಥರ ಮೇಲೆ, ಮಲಗಿದೆನು. ಕಿಟಕಿಯಿಂದ ಕಾಣುತ್ತಿದ್ದ ಕಡಲನ್ನು ನೋಡುತ್ತ ನನಗೆ ಮಳಖೇಡದ ನೆನಪಾಯಿತು. ಕಾಗಿಣಾ ತೀರದ ಆ ಊರು ಮಾನ್ಯಖೇಟವೆಂಬ ರಾಜಧಾನಿಯಾಗಿ, ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಇದೇ ಕಡಲ ವ್ಯಾಪಾರದಿಂದ ಬಂದ ಸುದ್ದಿಯನ್ನು 851ರಲ್ಲಿ ಬರೆದಿಟ್ಟ ಸುಲೈಮಾನನೆಂಬ ವರ್ತಕನು, ನಮ್ಮ ಅರಸನನ್ನು ಬಲ್ಹಾರನೆಂದು ಕರೆದು, ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಇವರ ಸಾಲಿನಲ್ಲಿ ನಾಲ್ಕನೆಯ ಮಹಾರಾಜನನ್ನಾಗಿ ಕೂರಿಸಿದನು. ಬಲ್ಹಾರರು ಐವತ್ತು ವರ್ಷಗಳವರೆಗೂ ಆಳುವುದುಂಟೆಂದೂ, ಈ ದೀರ್ಘಾಯುಷ್ಯಕ್ಕೆ ಅವರಿಗೆ ಅರಬರ ಮೇಲಿರುವ ಪ್ರೀತಿಯೇ ಕಾರಣವೆಂದು ಅಲ್ಲಿಯ ಜನ ನಂಬುತ್ತಾರೆಂದೂ ಅವನು ಬರೆದನು. ಅಮೋಘವರ್ಷನು ಆಳಿದ್ದು ಅರವತ್ತಕ್ಕೂ ಹೆಚ್ಚು ವರ್ಷ. ಅವನಿಗೆ ಕೇಕು ಕತ್ತರಿಸಿ ಆಯುಷ್ಯ ಕೋರಿದವರಾರೂ ಇರಲಿಲ್ಲ.

ಮರುದಿನ ಸಂಜೆ ಕೇಕು ಬಂದಿತು. ಅದರ ನೆತ್ತಿಯಲ್ಲಿ ವಿದ್ಯುತ್ಕೋಶದಿಂದ ಬೆಳಗುವ ಮೇಣದಬತ್ತಿಗಳಿದ್ದವು. ಬಾಲಕನು ಎಷ್ಟು ಊದಿದರೂ ಅವು ಆರಲಿಲ್ಲ, ಬಡಿಸುವವನು ಗುಟ್ಟಾಗಿ ಗುಂಡಿ ಒತ್ತಬೇಕಾಯಿತು. ಅವ್ವನಿಗೆ ಇದು ಅಮಂಗಳವಾಗಿ ಕಂಡಿತು. ಆರತಿ ಎತ್ತದೆ ಕೂಸಿನ ಬಾಯಿಗೆ ಸಿಹಿ ಹಾಕುವಂತಿಲ್ಲವೆಂದು ಪಟ್ಟು ಹಿಡಿದು, ಹಡಗಿನ ತರುಣನೊಬ್ಬನಿಂದ ಬಟ್ಟಲು ನೀರನ್ನೂ ಅಡುಗೆಮನೆಯ ಅರಿಸಿನವನ್ನೂ ತರಿಸಿಕೊಂಡಳು. ಅರಿಸಿನ ಕಲಸಿದ ಹಳದಿ ನೀರಿಗೆ ಸಂಚಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಹಾಕಿದಾಗ ಅದು ರಕ್ತವರ್ಣಕ್ಕೆ ತಿರುಗಿತು. ಸುತ್ತ ನೆರೆದಿದ್ದ ಗುಜರಾತಿನ ಪಂಜಾಬಿನ ಮಕ್ಕಳು ಜಾದೂ ಕಂಡಂತೆ ಚಪ್ಪಾಳೆ ತಟ್ಟಿದವು. ಸಸ್ಯಾಹಾರಿ ಸಮುದ್ರದ ಆ ಚೂರು ಸುಣ್ಣ, ಅಷ್ಟು ಕೋಟಿ ವರ್ಷಗಳ ಬಳಿಕ ಮತ್ಸ್ಯಸಂಪನ್ನವಾದ ಸಮುದ್ರದ ಮೇಲೆ, ಬೆಂಕಿಯ ಹಂಗಿಲ್ಲದೆ ಆರತಿಯಾಯಿತು. 'ಇನ್ನೊಂದ್ ಸಲ' ಎಂದು ಮಕ್ಕಳು ಬೇಡಿದ್ದರಿಂದ ಯಾರ ಯಾರ ಮಕ್ಕಳಿಗೋ ದೃಷ್ಟಿ ನಿವಾಳಿಸಲಾಯಿತು. ನಮ್ಮವನು ಮಾತ್ರ ಅಲ್ಲಿರಲಿಲ್ಲ. ಅವನು ಲಿಫ್ಟಿನಲ್ಲಿ ಮೇಲಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸಂಚರಿಸುತ್ತ, ಬಂದವರಿಗೆಲ್ಲ ಗುಂಡಿ ಒತ್ತಿಕೊಡುವ ಕಾಯಕದಲ್ಲಿದ್ದನು.

ನಡುರಾತ್ರಿ ಹೊಸ ವರ್ಷ ಹುಟ್ಟಿದೊಡನೆ ವೇದಿಕೆಯ ಮೇಲಿನ ಉದ್ಘೋಷಕನು, ಪ್ರಯಾಣಿಕರ ಪಟ್ಟಿಯ ಪ್ರಕಾರ ಇಂದು ಈ ಹಡಗಿನಲ್ಲಿ ಕೆಲವರ ಜನ್ಮದಿನವೂ ಇದೆಯೆಂದೂ ಅವರು ದಯಮಾಡಿ ಮೇಲೆ ಬರಬೇಕೆಂದೂ ಕರೆದನು. ಒಂದಿಬ್ಬರು ತರುಣತರುಣಿಯರನ್ನು ನಿರೀಕ್ಷಿಸಿದ್ದ ಆ ಬಡಪಾಯಿಯ ಮುಂದೆ, ಗುಜರಾತಿನಿಂದ, ಬಿಹಾರದಿಂದ, ತೆಲಂಗಾಣದಿಂದ, ಮರಾಠವಾಡೆಯಿಂದ, ಕೋಲೂರಿಕೊಂಡು, ಮೊಣಕಾಲು ಹಿಡಿದುಕೊಂಡು, ಸೊಸೆಯಂದಿರ ಭುಜವನ್ನಾಧರಿಸಿ, ಜನವರಿ 1ರಂದು ಹುಟ್ಟಿದ ಸಮಸ್ತ ವೃದ್ಧಭಾರತವೇ ಎದ್ದು ಬರಲು ಪ್ರಾರಂಭಿಸಿತು. ವೇದಿಕೆ ತುಂಬಿತು; ಮೆಟ್ಟಿಲೂ ತುಂಬಿತು. ಇವರೆಲ್ಲ ಒಂದೇ ದಿನ ಹುಟ್ಟಿದ ಬಗೆ ಹೇಗೆಂದು ಅವನು ಗಾಬರಿಯಿಂದ ಪಟ್ಟಿಯನ್ನು ತಿರುವಿ ನೋಡುತ್ತಿರುವಾಗ, ಎಲ್ಲರಿಗಿಂತ ಮುಂದೆ, ಕಾಗದದ ಕಿರೀಟವನ್ನು ತಲೆಸೆರಗಿನ ಮೇಲೆಯೇ ಧರಿಸಿ ನಮ್ಮ ಅವ್ವ ನಿಂತಿದ್ದಳು. ವಯಸ್ಸೆಷ್ಟೆಂದು ಕೇಳಿದ್ದಕ್ಕೆ ರಜಾಕಾರರ ವೃತ್ತಾಂತವನ್ನು ಪ್ರಾರಂಭದಿಂದ ಹೇಳತೊಡಗಿದಳು. ಅವನು ಅದನ್ನು ಹಾಡೆಂದು ಭಾವಿಸಿ ತಾಳ ಹಾಕಿಸಿದನು.

ತನ್ನ ಜನ್ಮದಿನದ ಆಯುಷ್ಯ ಹನ್ನೆರಡು ಗಂಟೆಗೆ ಮುಗಿದು, ಮುತ್ತಜ್ಜಿಯ ಪಾಲಿಗೆ ತನ್ನದಕ್ಕಿಂತ ದೊಡ್ಡ ಕೇಕು ಬಂದುದನ್ನು ಕಂಡು ಮೊಮ್ಮಗನು ಅಳಲಾರಂಭಿಸಿದನು. ಹುಟ್ಟಿನಿಂದಲೇ ಅವನಿಗೂ ಅದರಲ್ಲಿ ಪಾಲುಂಟೆಂಬ ಮಿತಾಕ್ಷರೆಯ ನ್ಯಾಯವನ್ನು ನಾನು ಎತ್ತಿ ಹೇಳುವಷ್ಟರಲ್ಲಿ ಅವನು ತನ್ನ ಪಾಲನ್ನೂ ನನ್ನ ಪಾಲನ್ನೂ ಅನುಭೋಗಕ್ಕೆ ತಂದುಕೊಂಡಾಗಿತ್ತು. ಅವ್ವನ ಗಮನ ಅತ್ತ ಇರಲಿಲ್ಲ. ಅವಳು ನನ್ನ ತಮ್ಮನ ಮಗನನ್ನು ಹತ್ತಿರ ಕರೆದು, ಸೇಡಂಗೆ ಹೋದ ಕೂಡಲೇ ಚೌಕದಲ್ಲಿ ತನ್ನದೂ ಒಂದು ಫ್ಲೆಕ್ಸು ಬೀಳಬೇಕೆಂದೂ, ಸಿಂಹವಿದ್ದರೂ ಅಡ್ಡಿಯಿಲ್ಲ, ಆ ಮೀಸೆಯವನು ಮಾತ್ರ ಬೇಡವೆಂದೂ ತಾಕೀತು ಮಾಡುತ್ತಿದ್ದಳು. ಯಾವ ತಾರೀಕಿಗೆ ಹಾಕಿಸಲೆಂದು ಅವನು ಕೇಳಿದನು.

'ನಿನಗ ಯಾವಾಗ ಪುರಸೊತ್ತು ಆಗ್ತದೋ ಆವಾಗ ಹಾಕ್ಸು. ನನಗೇನ್ ತಾರೀಕಿನ ಅಡಚಣಿ ಅದಾ?'