ಗಾಯಮೀಮಾಂಸೆ

ಕನ್ನಡ ಸಂಶೋಧನೆಯಲ್ಲಿ ಶಾಸನಗಳಿಗೆ ಸಿಕ್ಕ ಮರ್ಯಾದೆ ಮೊಣಕಾಲಿಗೆ ಸಿಕ್ಕಿಲ್ಲ. ಊರೂರು ಅಲೆದು, ಹುಣಸೆಮರದ ಬುಡದಲ್ಲಿ ಮಗುಚಿ ಬಿದ್ದ ಕಲ್ಲನ್ನು ತೊಳೆದು, ಅಚ್ಚು ತೆಗೆದು ಓದಿದ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ. ಆದರೆ ಭಾನುವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಬಳ್ಳಾರಿ ರಸ್ತೆಯ ದರ್ಶಿನಿಗಳಲ್ಲಿ, ಇಡ್ಲಿ ವಡೆ ತಟ್ಟೆಯ ಪಕ್ಕದಲ್ಲೇ ಪ್ರದರ್ಶನಕ್ಕೆ ಬರುವ ಮಂಡಿ, ಮೊಣಕೈ, ತೊಡೆಗಳ ಮೇಲಿನ ಬರಹವನ್ನು ಯಾರೂ ಸಂಪಾದಿಸುವ ಗೋಜಿಗೆ ಹೋಗಿಲ್ಲ. ನಂದಿ ಬೆಟ್ಟ ಹತ್ತಿ ಇಳಿದ ಸೈಕಲ್ ಸವಾರರು ಅಲ್ಲಿ ನಿಂತೇ ನಡೆಸುವ ಗೋಷ್ಠಿಗೆ ಬೆಟ್ಟದ ಮಾತು ಬರೀ ಪೀಠಿಕೆ. ವಿಷಯ, ಗಾಯ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಸದುದ್ದೇಶದಿಂದ ಪ್ರಸ್ತುತ ಪ್ರಬಂಧ ಹೊರಟಿದೆ.

ಈ ಪ್ರಕಾರಕ್ಕೆ ನಮ್ಮ ನೆಲದಲ್ಲಿ ಹತ್ತಿರದ ಪೂರ್ವಜ ಎಂದರೆ ವೀರಗಲ್ಲು. ಅದರಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸವಾರನ ಕಥನವೂ ಅದೇ ಕ್ರಮದಲ್ಲಿ ಏರುತ್ತದೆ. ಕೆಳಗೆ ತಿರುವಿನ ಮರಳು, ನಡುವೆ ಅವನನ್ನೂ ಸೈಕಲ್ಲನ್ನೂ ಹೇರಿಕೊಂಡ ತರಕಾರಿ ಟೆಂಪೋ, ಮೇಲೆ ಕ್ಯಾಶುವಾಲ್ಟಿ ವಾರ್ಡು. ತುರುಗೋಳಿನಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸಲು ಬೇರೆಯವರು ಬೇಕಿತ್ತು. ಇಲ್ಲಿ ವೀರ ಬದುಕಿರುತ್ತಾನೆ. ತನ್ನ ಕಲ್ಲನ್ನು ತಾನೇ ನಿಲ್ಲಿಸಿ, ತಾನೇ ಓದಿ, ಅರ್ಥವನ್ನೂ ತಾನೇ ಹೇಳುತ್ತಾನೆ, ಕೇಳುವವರ ಕಾಫಿ ಆರುವವರೆಗೂ.

ಗಾಯದ ವರ್ಗೀಕರಣಕ್ಕೆ ಶಾಸ್ತ್ರಾಧಾರ ಉಂಟೇ ಎಂದರೆ ಉಂಟು. ಪೆಟ್ಟಿನಿಂದಾದ ವ್ರಣಗಳನ್ನು ಸುಶ್ರುತ ಆರು ಬಗೆ ಮಾಡಿದ್ದಾನೆ: ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ. ಚರ್ಮ ಉಜ್ಜಿಹೋಗಿ, ಉರಿಯೆದ್ದು, ನೀರು ಒಸರಿದರೆ ಅದು ಘೃಷ್ಟ. ಡಾಂಬರನ್ನೇ ಕಾಣದೆ ಆ ಮಹಾನುಭಾವ ಇದನ್ನು ಇಷ್ಟು ಕರಾರುವಾಕ್ಕಾಗಿ ಹೇಗೆ ಬರೆದ ಎಂಬುದು ಬೇರೊಂದು ಪ್ರಬಂಧದ ವಸ್ತು. ಗೋಷ್ಠಿಯಲ್ಲಿ ಮಾತ್ರ ಘೃಷ್ಟಕ್ಕೆ ಬೆಲೆಯಿಲ್ಲ. ಆರಕ್ಕೆ ಆರೂ ಗಾಯಗಳಲ್ಲಿ ಅತಿ ಹೆಚ್ಚು ಉರಿಯುವುದು ಅದೇ ಇರಬೇಕು. ಮೊದಲ ದಿನದ ಸ್ನಾನದ ಮನೆಯಿಂದ ಕೇಳಿಬರುವ ಉದ್ಗಾರಗಳೇ ಅದಕ್ಕೆ ಸಾಕ್ಷಿ. ಆದರೂ ತರಚು ಗಾಯ ಎಲ್ಲರಲ್ಲೂ ಇರುವುದರಿಂದ ಅದನ್ನು ಎತ್ತಿ ತೋರಿಸಿದವನಿಗೆ ‘ಓ’ ಎಂಬ ಒಂದಕ್ಷರದ ಮನ್ನಣೆ ಸಿಕ್ಕರೆ ಹೆಚ್ಚು. ನೋವಿಗೂ ಗೌರವಕ್ಕೂ ಈ ಶಾಸ್ತ್ರದಲ್ಲಿ ಸಂಬಂಧವೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಆರಂಭದಲ್ಲೇ ಮನಗಾಣಬೇಕು.

ಅಗ್ರಪೂಜೆ ಸಲ್ಲುವುದು ಕಾಲರ್ ಬೋನಿಗೆ. ಬೀಳುವವನು ಕೈ ಚಾಚಿದರೂ, ಭುಜ ಕೊಟ್ಟರೂ, ಪೆಟ್ಟಿನ ಬಲವೆಲ್ಲ ಕೊನೆಗೆ ಹೋಗಿ ಸೇರುವುದು ಕತ್ತಿನ ಬುಡದ ಆ ಡೊಂಕು ಎಲುಬಿಗೆ. ಮುರಿಯುವುದು ಹೆಚ್ಚಾಗಿ ಅದರ ನಟ್ಟನಡುವೆ. ಸೈಕಲ್ಲಿನ ಹಿಂದಿನ ಗೇರನ್ನು ಚೌಕಟ್ಟಿಗೆ ಜೋಡಿಸುವ ಹ್ಯಾಂಗರ್ ಎಂಬ ಸಣ್ಣ ತುಂಡನ್ನು ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ, ಬಿದ್ದಾಗ ಅದು ಬಾಗಿ ಚೌಕಟ್ಟು ಉಳಿಯಲಿ ಎಂದು. ಬ್ರಹ್ಮನೂ ಇದೇ ತತ್ತ್ವ ಅನುಸರಿಸಿದಂತಿದೆ. ಬಿಡಿಭಾಗ ಅಂಗಡಿಯಲ್ಲಿ ಸಿಗುವಂತೆ ಮಾಡುವುದನ್ನು ಮಾತ್ರ ಮರೆತ. ಪ್ಲೇಟು ಸ್ಕ್ರೂ ಹಾಕಿಸಿಕೊಂಡವನು ಗೋಷ್ಠಿಯಲ್ಲಿ ಅಂಗಿ ಬಿಚ್ಚುವ ಅಗತ್ಯವಿಲ್ಲ. ಫೋನ್ ತೆಗೆದು ಎಕ್ಸ್‌ರೇ ತೋರಿಸಿ, “ಸೈಕಲ್ ಅಲ್ಯೂಮಿನಿಯಂ ಗುರು, ಟೈಟೇನಿಯಂ ಇರೋದು ಇಲ್ಲಿ” ಎಂದು ಭುಜ ತಟ್ಟಿಕೊಂಡರೆ ಸಭೆ ತಾನಾಗಿ ಜಾಗ ಬಿಡುತ್ತದೆ. ಇದಕ್ಕೆ ಹೋಲಿಸಿದರೆ ಹೆಬ್ಬೆರಳ ಬುಡದ ಸ್ಕಾಫಾಯ್ಡ್ ಮೂಳೆ ಬಿರುಕು ಬಿಟ್ಟವನ ಪಾಡು ಕರುಣಾಜನಕ. ಅದು ಎಷ್ಟೋ ಸಲ ಮೊದಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ನೋವಿದೆ, ಪ್ರಮಾಣವಿಲ್ಲ. “ಉಳುಕಿರ್ಬೇಕು ಬಿಡು” ಎಂಬ ಮಾತು ಕೇಳಿಕೊಂಡು ಎಡಗೈಲಿ ದೋಸೆ ಮುರಿಯುತ್ತಾನೆ.

ಪ್ರಮಾಣಗಳ ವಿಚಾರ ಬಂದದ್ದರಿಂದ ಕಾಲನಿರ್ಣಯದ ಬಗ್ಗೆಯೂ ನಾಲ್ಕು ಮಾತು. ಶಾಸನಕ್ಕೆ ಲಿಪಿಯ ವಯಸ್ಸು ಇರುವಂತೆ ಒಳಪೆಟ್ಟಿಗೆ ಬಣ್ಣದ ವಯಸ್ಸು ಇದೆ. ಚರ್ಮದಡಿ ಸೋರಿದ ರಕ್ತದ ಹಿಮೊಗ್ಲೋಬಿನ್ ಒಡೆಯುತ್ತ ಹೋದಂತೆ ಕೆಂಪು ನೀಲಿಗಟ್ಟುತ್ತದೆ, ಬಿಲಿವರ್ಡಿನ್ ಆಗಿ ಹಸಿರಾಗುತ್ತದೆ, ಬಿಲಿರುಬಿನ್ ಆಗಿ ಹಳದಿಗೆ ತಿರುಗುತ್ತದೆ. ಬಣ್ಣ ನೋಡಿ ದಿನ ಹೇಳುವುದು ನೆಚ್ಚತಕ್ಕ ವಿದ್ಯೆಯಲ್ಲ ಎಂದು ವೈದ್ಯರು ಎಚ್ಚರಿಸುತ್ತಾರೆ. ಗೋಷ್ಠಿಗೆ ಅಂಥ ಸಂಕೋಚಗಳಿಲ್ಲ. ಒಮ್ಮೆ ಒಬ್ಬ ಸವಾರ ಬಿಗಿ ಚಡ್ಡಿಯ ಅಂಚನ್ನು ಮೇಲೆ ಸುರುಳಿ ಸುತ್ತಿದ. ಬಿಸಿಲಿಗೆ ಕಪ್ಪಿಟ್ಟ ಕಾಲು ತೊಡೆಯ ಅರ್ಧಕ್ಕೆ ಗೆರೆ ಎಳೆದಂತೆ ನಿಂತು, ಅಲ್ಲಿಂದ ಮೇಲೆ ವರ್ಷಾನುಗಟ್ಟಲೆ ಬೆಳಕು ಕಾಣದ ಬಿಳಿ ಚರ್ಮ; ಅದರ ಮೇಲೆ ಅಂಗೈಯಗಲದ ಕಂದು, ಸುತ್ತ ಮಾವಿನಹಣ್ಣಿನ ಹಳದಿ. “ಇವತ್ತು ಬೆಳಿಗ್ಗೆ, ಇಳೀತಾ” ಎಂದ. ಪಕ್ಕದವನು ಬಗ್ಗಿ ನೋಡಿ, ಚಟ್ನಿ ಒರೆಸಿಕೊಂಡು, “ಹಳದಿ ಬಂದಿದ್ಯಲ್ಲೋ, ಇದು ಹೋದ ವಾರದ್ದು” ಎಂದು ತೀರ್ಪಿತ್ತ. ವಿಚಾರಣೆಯಲ್ಲಿ ಅದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನ ಕೃತಿ ಎಂದು ಸಾಬೀತಾಯಿತು. ಪಕ್ಕದ ಮೇಜಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಹಿರಿಯರೊಬ್ಬರು ಈ ಶೈಕ್ಷಣಿಕ ಚರ್ಚೆಯ ಉದ್ದಕ್ಕೂ ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿದ್ದರು.

ಪಾಶ್ಚಾತ್ಯ ಪರಂಪರೆಯನ್ನು ಉಲ್ಲೇಖಿಸದೆ ಯಾವ ಗೋಷ್ಠಿಯೂ ಮುಗಿಯದು. 1956ರ ಜಿರೊ ದ ಇಟಾಲಿಯಾದಲ್ಲಿ ಫಿಯೊರೆಂಜೊ ಮಾನ್ಯಿ ಎಡ ಕಾಲರ್ ಬೋನ್ ಮುರಿದುಕೊಂಡ. ಆ ಕೈಲಿ ಹ್ಯಾಂಡಲ್ ಎಳೆಯಲು ಬಲವಿಲ್ಲದೆ, ಟ್ಯೂಬಿನ ತುಂಡೊಂದನ್ನು ಹ್ಯಾಂಡಲಿಗೆ ಕಟ್ಟಿ ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬೆಟ್ಟ ಹತ್ತಿದ. ಕಡೆಗೆ ಎರಡನೆಯವನಾಗಿ ಮುಗಿಸಿದ. 2011ರ ಟೂರ್ ದ ಫ್ರಾನ್ಸಿನಲ್ಲಿ ಟಿವಿಯವರ ಕಾರೊಂದು ಸವಾರನೊಬ್ಬನಿಗೆ ಬಡಿದ ರಭಸಕ್ಕೆ ಜಾನಿ ಹೋಗರ್‌ಲಾಂಡ್ ಮುಳ್ಳುತಂತಿ ಬೇಲಿಗೆ ಹಾರಿಬಿದ್ದ. ಎದ್ದು, ಆ ದಿನದ ಹಾದಿ ಮುಗಿಸಿ, ಆಮೇಲೆ 33 ಹೊಲಿಗೆ ಹಾಕಿಸಿಕೊಂಡ. ಇವೆರಡನ್ನೂ ಗೋಷ್ಠಿಯಲ್ಲಿ ಭಾವಪೂರ್ಣವಾಗಿ ನಿರೂಪಿಸುವವರು ಸಾಮಾನ್ಯವಾಗಿ ಮಣಿಕಟ್ಟು ಉಳುಕಿದ್ದಕ್ಕೆ ಸೋಮವಾರ ವರ್ಕ್ ಫ್ರಂ ಹೋಮ್ ಹಾಕಿದವರು ಎಂಬುದು ಗಮನಾರ್ಹ.

ಈಗ ಪ್ರಬಂಧದ ಮುಖ್ಯ ಸಿದ್ಧಾಂತ. ಸವಾರ ಬೀಳುವುದು ಒಂದೇ ಸಲ. ಬಿದ್ದದ್ದಕ್ಕೆ ಪಾಠಾಂತರ ಹಲವು. ನಲವತ್ತರ ಆಸುಪಾಸಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ನಂದಿಯ ಇಳಿಜಾರಿನಲ್ಲಿ ಬಿದ್ದ ಪ್ರಸಂಗವನ್ನು ಹಲವು ಪ್ರತಿಗಳ ನೆರವಿನಿಂದ ಪರಿಷ್ಕರಿಸಲಾಗಿದೆ. ಮನೆಯ ಪ್ರತಿ ಅತ್ಯಂತ ಸಂಕ್ಷಿಪ್ತ: “ಸ್ವಲ್ಪ ಜಾರ್ತು ಕಣೇ, ಅಷ್ಟೆ.” ಇದಕ್ಕೆ ಪೂರಕವಾಗಿ ಮೇ ತಿಂಗಳ ಸೆಕೆಯಲ್ಲಿ ಒಂದು ವಾರ ತುಂಬುತೋಳಿನ ಅಂಗಿ. ಡಾಕ್ಟರ ಮುಂದಿನ ಪ್ರತಿಯಲ್ಲಿ ವೇಗ ಗಂಟೆಗೆ 20, ಭಾಷೆ ವಿನಯಪೂರ್ಣ, ಟಿ.ಟಿ. ಇಂಜೆಕ್ಷನ್ ಬೇಡವೆಂಬ ಪ್ರಾರ್ಥನೆಯೊಂದಿಗೆ ಮುಕ್ತಾಯ. ವಿಮೆಯವರಿಗೆ ಕೊಟ್ಟ ಪ್ರತಿ ಇಡಿಯಾಗಿ ಕರ್ಮಣಿ ಪ್ರಯೋಗದಲ್ಲಿದೆ. ಸೈಕಲ್ಲು ಯಾರಿಂದಲೂ ತುಳಿಯಲ್ಪಟ್ಟಂತೆ ಕಾಣುವುದಿಲ್ಲ. ಗೋಷ್ಠಿಯ ಪ್ರತಿಯೇ ಬೃಹತ್ ಪಾಠ. ಅಲ್ಲಿ ವೇಗ 55, ತಿರುವು ಕುರುಡು, ಎದುರಿಗೆ ಕಾರು, ನೆಲದ ಮೇಲೆ ಮರಳು. ಅದೂ ಸಾಲದೆಂದು ನಾಯಿ.

ನಾಯಿಯ ಸಮಸ್ಯೆ ಜಟಿಲವಾದದ್ದು. ಮನೆಯ ಪ್ರತಿಯಲ್ಲಿ ನಾಯಿ ಇಲ್ಲ. ಮೊದಲ ಭಾನುವಾರದ ಗೋಷ್ಠಿಯಲ್ಲಿ ಒಂದಿದೆ. ಮುಂದಿನ ಯುಗಾದಿ ಕಳೆಯುವ ಹೊತ್ತಿಗೆ ಮೂರಾಗಿವೆ, ಅವುಗಳಲ್ಲಿ ಒಂದು ಮರಿ ಹಾಕಿದ್ದು. ಹೀಗಾಗಿ ನಾಯಿ ಪ್ರಕ್ಷಿಪ್ತ ಎಂಬ ಪಕ್ಷ ಪ್ರಬಲವಾಗಿದೆ. ವ್ಯಾಕರಣದ ದೃಷ್ಟಿಯಿಂದಲೂ ಅದಕ್ಕೆ ಬಲ ಸಿಗುತ್ತದೆ: ಬೃಹತ್ ಪಾಠದ ಒಂದು ವಾಕ್ಯದಲ್ಲೂ ಸವಾರ ಕರ್ತೃವಲ್ಲ. ಮರಳು ಎಳೀತು, ಗುಂಡಿ ಹಾರಿಸ್ತು, ಆಟೋ ಕಟ್ ಹೊಡೀತು, ನಾಯಿ ನುಗ್ತು. ಬ್ರೇಕ್ ಹಿಡಿದ ಬೆರಳು ಯಾರದ್ದೆಂದು ಗ್ರಂಥದಲ್ಲಿ ಎಲ್ಲೂ ಇಲ್ಲ.

ಬಿದ್ದವರಲ್ಲಿ ಹೆಚ್ಚಿನವರು ಬಚ್ಚಿಟ್ಟ ಅಪ್ರಕಟಿತ ಕೃತಿಯೊಂದಿದೆ. ಪಾದರಕ್ಷೆಯ ಅಡಿಯ ಕ್ಲೀಟು ಪೆಡಲಿಗೆ ಕಚ್ಚಿಕೊಳ್ಳುವ ವ್ಯವಸ್ಥೆಯನ್ನು ಸ್ಕೀಯಿಂಗ್ ಬೂಟಿನ ಕೊಂಡಿ ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ತಂದಿತು. ಮರುವರ್ಷ ಬರ್ನಾರ್ಡ್ ಇನೊ ಅದನ್ನೇ ತೊಟ್ಟು, ನಡುವೆ ಬಿದ್ದು ಮೂಗು ಮುರಿದುಕೊಂಡೂ, ಟೂರ್ ದ ಫ್ರಾನ್ಸ್ ಗೆದ್ದ. ಅವನ ಮೂಗು ಇತಿಹಾಸ ಸೇರಿತು. ಅದೇ ಕ್ಲೀಟು ಮೇಖ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಬೇರೆ ಬಗೆಯ ಸಾಹಿತ್ಯ ಸೃಷ್ಟಿಸುತ್ತದೆ. ಕೆಂಪು ದೀಪ, ವೇಗ ಸೊನ್ನೆ, ಪಾದ ಪೆಡಲಿನಿಂದ ಬಿಡಿಸಿಕೊಳ್ಳುತ್ತಿಲ್ಲ, ಸವಾರ ಕಡಿದ ತೆಂಗಿನಮರದಂತೆ ನಿಧಾನವಾಗಿ, ಸಾಕಷ್ಟು ಯೋಚಿಸಲು ಸಮಯವಿದ್ದೂ, ಎಡಕ್ಕೆ ಒರಗುತ್ತಾನೆ. ಬಿಎಂಟಿಸಿ ಬಸ್ಸಿನ ಕಿಟಕಿಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಈ ಪತನದ ಗಾಯ ಗೋಷ್ಠಿಗೆ ಬರುವುದೇ ಇಲ್ಲ. ಬಂದರೂ ಬೇರೆ ಊರಿನ, ಬೇರೆ ಇಳಿಜಾರಿನ ಹೆಸರಲ್ಲಿ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದಕ್ಷಿಣ ಸಂಪ್ರದಾಯ. ಉತ್ತರದ್ದು ಬೇರೆ. ರಾಜ್ಯಕ್ಕೆ ರಾಷ್ಟ್ರೀಯ ಪದಕಗಳನ್ನು ತಂದುಕೊಟ್ಟ ಸೈಕ್ಲಿಸ್ಟ್‌ಗಳಲ್ಲಿ ಬಹಳಷ್ಟು ಮಂದಿ ವಿಜಯಪುರ, ಬಾಗಲಕೋಟೆ ಕಡೆಯವರು. ಅಲ್ಲಿಯ ಹುಡುಗನೊಬ್ಬನ ಮುಂಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮವೇ ಇರಲಿಲ್ಲ. ಮೇಲೆ ಅರಿಸಿನ ಬಳಿದಿತ್ತು, ನೊಣ ಓಡಿಸಲು ಆಗಾಗ ಊದಿಕೊಳ್ಳುತ್ತಿದ್ದ. ಏನಾಯಿತೆಂದು ಕೇಳಿದ್ದಕ್ಕೆ, “ಏನೂ ಆಗಿಲ್ರೀ, ಒಂಚೂರು ತರಚೇತಿ” ಎಂದ. ವಿವರ ಕೋರಿದಾಗ, “ನಾಳಿ ಪ್ರಾಕ್ಟೀಸ್ ಐತ್ರಿ” ಎಂದು ಚೈನಿಗೆ ಎಣ್ಣೆ ಬಿಡಲು ಕೂತ. ಕೃತಿ ಮುಗಿಯಿತು. ದಕ್ಷಿಣದ್ದು ಚಂಪೂ, ಉತ್ತರದ್ದು ವಚನ. ಯಾವುದು ಮೇಲೆಂಬ ಬಗ್ಗೆ ಪ್ರಬಂಧಕಾರನಿಗೆ ಸ್ಪಷ್ಟ ಅಭಿಪ್ರಾಯವಿದೆ, ಆದರೆ ಚಂಪೂವಿನವರು ಕಾಫಿ ಕೊಡಿಸುತ್ತಾರೆ.

ಚಿಕಿತ್ಸೆಯ ಮತಭೇದಗಳನ್ನು ವಿಸ್ತರಿಸಲು ಇಲ್ಲಿ ಅವಕಾಶವಿಲ್ಲ. ಗಾಯ ಗಾಳಿಗೆ ಒಣಗಿ ಹಕ್ಕಳೆ ಕಟ್ಟಬೇಕೆಂಬುದು ಮನೆಯ ಹಿರಿಯರ ಪಂಥ. ತೇವ ಕಾಪಾಡಿದ ಗಾಯ ಬೇಗ ಮಾಯುತ್ತದೆಂದು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಅತ್ತೆಯವರಿಗೆ ಇದನ್ನು ವಿವರಿಸಲು ಹೋದ ಅಳಿಯನೊಬ್ಬನಿಗೆ, “ನೀವೇನು ಹಂದೀನಾ?” ಎಂಬ ಪ್ರಶ್ನೆ ಎದುರಾದ ಮೇಲೆ ಆ ಮನೆಯಲ್ಲಿ ಅರಿಸಿನ ಪಂಥವೇ ಉಳಿಯಿತು.

ಮೂಲಪಾಠದ ಪ್ರಶ್ನೆ ಹಾಗೇ ಉಳಿದಿತ್ತು. ಪರಿಷ್ಕರಣ ಪೂರ್ಣವಾಗಬೇಕಾದರೆ ಕಣ್ಣಾರೆ ಕಂಡವರು ಬೇಕು. ಪ್ರಸಂಗ ನಡೆದ ತಿರುವಿನಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಮಾರುವ ಹೆಂಗಸೊಬ್ಬರಿದ್ದಾರೆ. ಕ್ಷೇತ್ರಕಾರ್ಯದ ಅಂಗವಾಗಿ ಸೌತೆಕಾಯಿ ಕೊಂಡು, ಆವತ್ತು ಇಲ್ಲಿ ನಾಯಿ ಇತ್ತೇ ಎಂದು ವಿಚಾರಿಸಲಾಯಿತು.

“ನಾಯಾ? ನಮ್ದೇ ಸಾಮಿ ಅದು. ಇಲ್ಲೇ ಗೋಣಿಚೀಲದ ಮೇಲೆ ಮಲಗಿತ್ತು. ಈವಪ್ಪ ಬಿದ್ದ ಸದ್ದಿಗೆ ಎದ್ದು ಹೋಗಿ ಮೂಸ್ಕಂಡು ಬಂತು.”

ಇದರಿಂದ ಪ್ರಕ್ಷಿಪ್ತವೆಂಬ ವಾದ ಬಿದ್ದುಹೋಗುತ್ತದೆ. ನಾಯಿ ಐತಿಹಾಸಿಕ. ಆದರೆ ಅದರ ಸ್ಥಾನ ಕೊನೆಯ ಆಶ್ವಾಸದಲ್ಲಿ. ಲಿಪಿಕಾರ ಅದನ್ನು ಮೊದಲ ಆಶ್ವಾಸಕ್ಕೆ ತಂದು ಕೂರಿಸಿದ್ದಾನೆ. ಇಂಥ ಸ್ಥಾನಪಲ್ಲಟಗಳು ಹಸ್ತಪ್ರತಿಗಳಲ್ಲಿ ಅಪರೂಪವಲ್ಲ. ಈ ಫಲಿತಾಂಶವನ್ನು ಮುಂದಿನ ಭಾನುವಾರ ಗೋಷ್ಠಿಯಲ್ಲಿ, ಕೃತಿಕಾರರ ಸಮಕ್ಷಮದಲ್ಲೇ, ಸವಿನಯವಾಗಿ ಮಂಡಿಸಲಾಯಿತು. ಅವರು ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತ, ತಲೆ ಕೂಡ ಎತ್ತದೆ ಹೇಳಿದರು:

“ಅದು ಬೇರೆ ನಾಯಿ ಸಾರ್. ನನಗೆ ಅಡ್ಡ ಬಂದಿದ್ದು ಕರೀದು.”