ಇಂಪ್ಯಾಕ್ಟ್ ಮಾಷ್ಟ್ರು

ನೆಲ್ಯಾಡಿಯಿಂದ ಕಡಬದವರೆಗೆ ಯಾವ ಡಿಗ್ರಿ ಕಾಲೇಜಿಗೆ ಕಾಲಿಟ್ಟರೂ ಇವರು ಸಿಗುತ್ತಾರೆ. ಹುದ್ದೆ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕದ ಸಂಚಾಲಕರದ್ದು, ಮಕ್ಕಳು ಇಟ್ಟ ಹೆಸರು ಇಂಪ್ಯಾಕ್ಟ್ ಮಾಷ್ಟ್ರು. ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಪೆನ್‌ಡ್ರೈವ್, ಮೊಬೈಲಿನಲ್ಲಿ ಜಿಯೋಟ್ಯಾಗ್ ಆ್ಯಪ್. ಅಕ್ಷಾಂಶ, ರೇಖಾಂಶ ಬೀಳದ ಫೋಟೋ ಅವರ ಲೆಕ್ಕದಲ್ಲಿ ಫೋಟೋವೇ ಅಲ್ಲ. ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ನವರು ಸಾಕ್ಷಿ ಕೇಳ್ತಾರೆ, ಎಂತ ಮಾಡುವುದು ಮಾರಾಯ್ರೇ!

ಬೋಧನಾ ಸುಧಾರಣೆಯ ಕಾರ್ಯಾಗಾರ ನಡೆಯಿತೆನ್ನಿ. ವಿಷಯ 'ವಿದ್ಯಾರ್ಥಿಕೇಂದ್ರಿತ ಬೋಧನೆ'. ಸಂಪನ್ಮೂಲ ವ್ಯಕ್ತಿ ಮೂರು ಗಂಟೆ ಒಬ್ಬರೇ ಮಾತಾಡುತ್ತಾರೆ. ಕರೆಂಟು ಹೋದರೆ ಪಿಪಿಟಿ ನಿಲ್ಲುತ್ತದೆ, ಅವರು ನಿಲ್ಲುವುದಿಲ್ಲ. ಊಟದ ಹೊತ್ತಿಗೆ ಸರಿಯಾಗಿ ನಮ್ಮ ಮಾಷ್ಟ್ರು ಗೂಗಲ್ ಫಾರಂ ಕಳಿಸುತ್ತಾರೆ. ತುಂಬಿದವರಿಗಷ್ಟೇ ಸರ್ಟಿಫಿಕೇಟು. ಒಳಗೆ ನೆಟ್‌ವರ್ಕ್ ಇಲ್ಲದೆ ಅಧ್ಯಾಪಕರೆಲ್ಲ ಅಂಗಳದಲ್ಲಿ ಮೊಬೈಲು ಎತ್ತಿ ಹಿಡಿದು ನಿಲ್ಲುತ್ತಾರೆ. ಪಾಯಸದ ಪರಿಮಳ ಬರುತ್ತಿರುವಾಗ 'ಸಾಧಾರಣ' ಎಂದು ಒತ್ತುವ ಕಲ್ಲೆದೆ ಯಾರಿಗುಂಟು? ಎಲ್ಲರದ್ದೂ 'ಅತ್ಯುತ್ತಮ'. ಸಂಜೆಯೊಳಗೆ ಬಣ್ಣಬಣ್ಣದ ಪೈ ಚಾರ್ಟು ತಯಾರು. ಅದೇ ಇಂಪ್ಯಾಕ್ಟ್.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಬಂದವರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಕೆಲಸದ ರೀತಿ ಬದಲಾಯಿತೇ, ಕೊನೆಗೆ ಫಲ ಸಿಕ್ಕಿತೇ. ಮಾಷ್ಟ್ರಿಗೆ ನಾಲ್ಕೂ ಬಾಯಿಪಾಠ. ಆದರೆ ಮೊದಲ ಮೆಟ್ಟಿಲಲ್ಲೇ ಊಟ ಸಿಗುವಾಗ ಮೇಲೆ ಹತ್ತುವವರು ಯಾರು? ತಿಂಗಳು ಕಳೆದ ಮೇಲೂ ಅಧ್ಯಾಪಕರು ಹಳೇ ನೋಟ್ಸನ್ನೇ ಓದಿ ಬರೆಸುತ್ತಿದ್ದಾರೆಯೇ ಎಂದು ಹಿಂದಿನ ಬೆಂಚಲ್ಲಿ ಕೂತು ನೋಡಬೇಕಾದೀತು. ಅದಕ್ಕೆ ಅವರ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ. ನೋಡಿದರೆ ಮರುದಿನ ಸ್ಟಾಫ್ ರೂಮಿನಲ್ಲಿ ಚಾಕ್ಕೆ ಕರೆಯುವವರೂ ಇರುವುದಿಲ್ಲ.

ಪೋಷಕರ ಸಭೆಯಲ್ಲಿ ಪೈ ಚಾರ್ಟು ನೋಡಿ, ರಬ್ಬರ್ ತೋಟದ ಅಪ್ಪ ಒಬ್ಬರು ಎದ್ದು ನಿಂತರು. "ಮಾಷ್ಟ್ರೇ, ಮಳೆಗಾಲದಲ್ಲಿ ರಬ್ಬರ್ ಹಾಲು ತೆಳು. ಬಕೆಟು ತುಂಬಿದೆ ಅಂತ ಯಾರೂ ದುಡ್ಡು ಕೊಡುವುದಿಲ್ಲ, ಡಿಆರ್‌ಸಿ ನೋಡ್ತಾರೆ, ಒಣಗಿದ ಮೇಲೆ ರಬ್ಬರ್ ಎಷ್ಟು ಅಂತ. ನಿಮ್ಮ ಈ ಅತ್ಯುತ್ತಮದ ಡಿಆರ್‌ಸಿ ಎಷ್ಟು?"

ಮಾಷ್ಟ್ರು "ಒಳ್ಳೆ ಸಲಹೆ" ಎಂದು ಬರೆದುಕೊಂಡರು. ವರ್ಷದ ವರದಿಯಲ್ಲಿ ಅದು 'ಪೋಷಕರ ಸಕ್ರಿಯ ಸಹಭಾಗಿತ್ವ' ಎಂದು ಸೇರಿತು, ಫೋಟೋ ಸಮೇತ.

ಮೈಗಳ್ಳರು ಅಂತ ಮಾತ್ರ ಹೇಳಬೇಡಿ. ನ್ಯಾಕ್‌ನ ವಾರ್ಷಿಕ ವರದಿಗೆ ರಾತ್ರಿ ಕೂತು ಅಂಕಿ ತುಂಬುವವರು ಇವರೊಬ್ಬರೇ. ಈ ಹುದ್ದೆ ಹೆಗಲಿಗೆ ಬೀಳುವ ಮೊದಲು ಅಡಿಕೆ ಧಾರಣೆ ಹಿಡಿದು ಬೇಡಿಕೆ, ಪೂರೈಕೆ ಕಲಿಸುತ್ತಿದ್ದರಂತೆ; ಹಿಂದಿನ ಬೆಂಚಿನವರೂ ನಿದ್ದೆ ಮಾಡುತ್ತಿರಲಿಲ್ಲವಂತೆ. ಈಗ ಬೋಧನೆಯ ಗುಣಮಟ್ಟದ ಸಭೆಗಳ ನಡುವೆ ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು. ಅವರ ಮೂರನೇ ಯೂನಿಟ್ ಇನ್ನೂ ಶುರುವಾಗಿಲ್ಲ.